ಕಯಾಕ್ ಗಾಡಿ ಬಗ್ಗೆ ಮಗಳಿಗೊಂದು ಪತ್ರ

ಪುಟ್ಟೀ,

ನಿನ್ನ ಕಯಾಕುಗಳನ್ನು, ಅಂದ್ರೆ ಆ ಸಣ್ಣ ಹುಟ್ಟು ದೋಣಿಗಳನ್ನು, ಕಾರಿನ ಹಿಂದೆ ಎಳ್ಕೊಂಡು ಹೋಗ್ಲಿಕ್ಕೆ ಟ್ರೈಲರ್ ಮಾಡಿಕೊಡು ಅಂತ ನೀನು ಕಳಿಸಿದ ಡ್ರಾಯಿಂಗ್ ವಾಟ್ಸಾಪಲ್ಲಿ ಬಂತು, ನೋಡಿದೆ. ಫೋನಲ್ಲೇ ಹೇಳುವ ಅಂದ್ರೆ ನಿಂಗೆ ಯಾವಾಗ್ಲೂ ಮೀಟಿಂಗ್, ಅರ್ಧ ಕೇಳಿ ಅರ್ಧ ಬಿಟ್ಟು ಬೆಂಗಳೂರಲ್ಲೇ ಯಾರತ್ರ ಆದ್ರೂ ವೆಲ್ಡ್ ಮಾಡಿಸಿ ತಂದ್ರೆ ಕಷ್ಟ ಅಂತ ಕೂತು ಟೈಪ್ ಮಾಡ್ತಾ ಇದ್ದೇನೆ. ಉದ್ದ ಆಗ್ತದೆ, ಪೂರ್ತಿ ಓದು.

ಡ್ರಾಯಿಂಗ್ ಚಂದ ಉಂಟು, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಮಗಾ, ನೀನು ಬರೆದದ್ದು ಕಯಾಕ್ ಸಾಗಿಸುವ ಟ್ರೈಲರ್ ಅಲ್ಲ, ಹೊಯ್ಗೆ (ಮರಳು) ಸಾಗಿಸುವ ಟ್ರೈಲರ್. ಅಡಿಗೆ ದಪ್ಪ ಚಾನೆಲ್, ಟೆಂಪೋದ ಏಳು ಪ್ಲೇಟಿನ ಸ್ಪ್ರಿಂಗು, ಕೆಳಗೆ ಬೇರೆ "ಗಟ್ಟಿ ಇರ್ಲಿ ಅಪ್ಪ" ಅಂತ ಬರ್ದಿದ್ದೀ. ಲೆಕ್ಕ ಹಾಕು ನೋಡುವ. ಪ್ಲಾಸ್ಟಿಕ್ಕಿನ ಸಿಂಗಲ್ ಕಯಾಕ್ ಒಂದಕ್ಕೆ 25 ಕೆಜಿ ಅಂತ ಇಡು, ಡಬಲ್ಲಿಗೆ 35. ಎರಡು ಅದು ಎರಡು ಇದು ಹಾಕಿದ್ರೆ 120, ಪ್ಯಾಡಲ್ಲು ಲೈಫ್ ಜಾಕೆಟ್ಟು ಎಲ್ಲ ಸೇರಿ 140 ದಾಟ್ಲಿಕ್ಕಿಲ್ಲ. ಅಷ್ಟು ಭಾರಕ್ಕೆ ಟೆಂಪೋ ಸ್ಪ್ರಿಂಗ್ ಒಂದು ಚೂರೂ ಬಗ್ಗುದಿಲ್ಲ ಮಾರಾಯ್ತಿ. ಕಾಲೇಜಿಗೆ ಹೋಗುವಾಗ ಖಾಲಿ ಬಸ್ಸಿನ ಲಾಸ್ಟ್ ಸೀಟಲ್ಲಿ ಕೂತು ರೋಡಿನ ಹಂಪ್ ಬಂದಾಗ ಹಾರಿ ತಲೆ ಮೇಲೆ ಹೊಡ್ಕೊಂಡದ್ದು ನೆನಪುಂಟಲ್ಲ, ಅದೇ ಬಸ್ಸು ಸಂಜೆ ಫುಲ್ ರಶ್ ಇರುವಾಗ ಎಷ್ಟು ಹಾಯಾಗಿ ಹೋಗ್ತದೆ, ಬಸ್ಸೂ ಅದೇ ಸ್ಪ್ರಿಂಗೂ ಅದೇ. ಇಷ್ಟು ವರ್ಷ ಬಸ್ ಬಾಡಿ ಕಟ್ಟಿದವ ಹೇಳ್ತಾ ಇದ್ದೇನೆ, ಗಾಡಿಗೆ ಭಾರಕ್ಕಿಂತ ಜಾಸ್ತಿ ಪೆಟ್ಟು ಕೊಡುದು ಹಾರುದು. ಸ್ಪ್ರಿಂಗ್ ಬಗ್ಗದಿದ್ರೆ ಇಡೀ ಟ್ರೈಲರ್ ಹಾರ್ತದೆ, ವೆಲ್ಡಿಂಗ್ ಬಿರುಕು ಬಿಡ್ತದೆ, ಲೈಟಿನ ಬಲ್ಬ್ ಹೋಗ್ತದೆ, ಕಯಾಕಿನ ಅಡಿ ಪೈಪಿಗೆ ಬಡಿದು ಬಡಿದು ಗುಳಿ ಬೀಳ್ತದೆ. ನಮ್ಮ ಸರ್ವಿಸ್ ರೋಡಿನ ಹಂಪುಗಳ ಬಗ್ಗೆ ನಿಂಗೆ ಹೊಸದಾಗಿ ಹೇಳ್ಬೇಕಾ?

ಹಾಗಾಗಿ ಇದು ಮೆತ್ತಗೆ ಇರ್ಬೇಕು. ಲೀಫ್ ಸ್ಪ್ರಿಂಗಿಗೆ ಎರಡೇ ಪ್ಲೇಟ್ ಇಡ್ತೇನೆ, ತೂಕ ಹಾಕಿ ನೋಡಿ ಬೇಕಾದ್ರೆ ಮೂರು. ಫ್ರೇಮಿಗೆ ಎರಡಿಂಚಿನ ಸ್ಕ್ವೇರ್ ಪೈಪ್ 3 ಎಂಎಂ ದಪ್ಪದ್ದು ಧಾರಾಳ ಆಯ್ತು. ಟಯರಿಗೆ ಕಾರಿಗೆ ಹೊಡೆಸಿದ ಹಾಗೆ ಗಾಳಿ ಹೊಡೆಸ್ಲಿಕ್ಕಿಲ್ಲ, ಕಡಿಮೆ ಸಾಕು. ಆಟೋರಿಕ್ಷಾದ ಚಕ್ರ ಚೀಪಲ್ಲಿ ಸಿಗ್ತದೆ ಅಂತ ನಿನ್ನ ಫ್ರೆಂಡ್ ಹೇಳಿದ್ದಂತೆ, ಸಿಗ್ತದೆ, ಆದ್ರೆ ಅದು 8 ಇಂಚಿನ ರಿಮ್ಮು, ಹೈವೇಲಿ ಕಾರು ಹೋಗುವ ಸ್ಪೀಡಿಗೆ ಅದು ಎಷ್ಟು ಸುತ್ತು ತಿರುಗ್ಬೇಕು ಯೋಚನೆ ಮಾಡು, ಬೇರಿಂಗ್ ಕಾದು ಹೋಗ್ತದೆ, ಗುಂಡಿಗೂ ಬೇಗ ಬೀಳ್ತದೆ. ಗುಜರಿಯಲ್ಲಿ ಹಳೆ ಮಾರುತಿ 800ರ ಹಿಂದಿನ ಆಕ್ಸಲ್ ಹುಡುಕ್ತೇನೆ. ಆ ಕಾರನ್ನು ಎಳೆಯುದು ಮುಂದಿನ ಚಕ್ರ, ಹಿಂದಿನ ಆಕ್ಸಲ್ ಬರೀ ಭಾರ ಹೊರುದು, ನಮಗೆ ಬೇಕಾದ್ದೂ ಅಷ್ಟೇ. 12 ಇಂಚಿನ ಚಕ್ರ, ಬೇರಿಂಗ್ ಯಾವ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲೂ ಸಿಗ್ತದೆ.

ಈಗ ಮುಖ್ಯ ವಿಷಯಕ್ಕೆ ಬರ್ತೇನೆ. ನಿನ್ನ ಡ್ರಾಯಿಂಗಲ್ಲಿ ಆಕ್ಸಲ್ ನಟ್ಟ ನಡುವೆ ಉಂಟು. ನೋಡ್ಲಿಕ್ಕೆ ಸಮ ಕಾಣ್ತದೆ, ಎಳೀಲಿಕ್ಕೆ ಡೇಂಜರ್. ಟ್ರೈಲರಿಗೆ ಮೂತಿ ಭಾರ ಇರ್ಬೇಕು, ಅಂದ್ರೆ ಕಾರಿಗೆ ಸಿಕ್ಕಿಸುವ ಮುಂದಿನ ತುದಿಯಲ್ಲಿ ಒಟ್ಟು ತೂಕದ ಹತ್ತರಲ್ಲಿ ಒಂದು ಪಾಲಿನಷ್ಟು. ನಮ್ಮದು ಗಾಡಿ ಸೇರಿ 270 ಕೆಜಿ ಆದ್ರೆ ಮೂತಿಯಲ್ಲಿ 25ರಿಂದ 30. ಹಿಂದೆ ಭಾರ ಜಾಸ್ತಿಯಾದ್ರೆ ಸ್ಪೀಡ್ ಏರಿದ ಹಾಗೆ ಬಾಲ ಆಡಿಸ್ಲಿಕ್ಕೆ ಶುರು ಮಾಡ್ತದೆ, ಮೊದ್ಲು ಸಣ್ಣಕ್ಕೆ, ಮತ್ತೆ ಕಾರನ್ನೂ ಸೇರಿಸಿ ಆ ಕಡೆ ಈ ಕಡೆ ಎಳೀತದೆ, ಹಾಗೆ ಆದಾಗ ಗಾಬರಿಯಾಗಿ ಬ್ರೇಕ್ ತುಳಿದ್ರೆ ಮುಗೀತು, ಆಕ್ಸಿಲರೇಟರಿಂದ ಕಾಲು ತೆಗೆದು ಸ್ಟೇರಿಂಗ್ ನೆಟ್ಟಗೆ ಹಿಡ್ಕೊಳ್ಬೇಕು, ಅದರಷ್ಟಕ್ಕೆ ಸ್ಪೀಡ್ ಇಳೀಲಿ. ಮೂತಿಯ ತೂಕ ನೋಡ್ಲಿಕ್ಕೆ ದೊಡ್ಡ ಮೆಷಿನ್ ಬೇಡ. ಅಮ್ಮ ತೂಕ ನೋಡ್ಲಿಕ್ಕೆ ತರಿಸಿ ಮತ್ತೆ ಹತ್ತದೇ ಇಟ್ಟ ಸ್ಕೇಲ್ ಉಂಟಲ್ಲ, ಕಯಾಕ್ ಎಲ್ಲ ಕಟ್ಟಿ ಆದ ಮೇಲೆ ಅದನ್ನು ಮೂತಿಯ ಅಡಿಗೆ ಇಟ್ಟು, ಹಿಚ್ಚಿನ, ಅಂದ್ರೆ ಕಾರಿನ ಹಿಂದಿನ ಕೊಂಡಿಯ, ಎತ್ತರಕ್ಕೆ ಒಂದು ಮರದ ತುಂಡು ಕೊಟ್ರಾಯ್ತು. ಸ್ಪ್ರಿಂಗನ್ನು ಹಿಡಿಯುವ ಹ್ಯಾಂಗರನ್ನು ಫ್ರೇಮಿಗೆ ವೆಲ್ಡ್ ಮಾಡುದಿಲ್ಲ, ಬೋಲ್ಟೇ. ಸ್ಕೇಲ್ ಎಂತ ಹೇಳ್ತದೆ ನೋಡಿ ಆಕ್ಸಲನ್ನು ಹಿಂದೆ ಮುಂದೆ ಜರುಗಿಸ್ಲಿಕ್ಕೆ ಆಗ್ಬೇಕು.

ಡ್ರಾಬಾರ್, ಅಂದ್ರೆ ಟ್ರೈಲರನ್ನು ಕಾರಿಗೆ ಸೇರಿಸುವ ಮುಂದಿನ ಪೈಪ್, ನೀನು ಹಾಕಿದ್ದಕ್ಕಿಂತ ಉದ್ದ ಮಾಡ್ತೇನೆ. ಡಬಲ್ ಕಯಾಕ್ ಹನ್ನೆರಡು ಅಡಿ ಇರ್ತದೆ, ಮುಂದಕ್ಕೆ ಚಾಚಿಕೊಂಡೇ ಇರುದು, ನಮ್ಮ ಬೊಲೆರೊದ ಹಿಂದಿನ ಬಾಗಿಲಲ್ಲಿ ಸ್ಟೆಪ್ನಿ ಬೇರೆ ಹೊರಗೆ ನೇತಾಡ್ತದೆ. ಗಿಡ್ಡ ಡ್ರಾಬಾರಲ್ಲಿ ತಿರುಗಿಸಿದ್ರೆ ಕಯಾಕಿನ ಮೂತಿ ಸೀದಾ ಸ್ಟೆಪ್ನಿಗೆ. ರಿವರ್ಸಿಗೂ ಉದ್ದದ್ದೇ ಒಳ್ಳೇದು, ಗಿಡ್ಡ ಟ್ರೈಲರ್ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮಡಚಿ ಹೋಗ್ತದೆ. ಅಂದ ಹಾಗೆ ನಿನ್ನ ಕಾರಿಗೆ ಹಿಚ್ ಹಾಕ್ಸುದು ಬೇಡ, ಅದರ ಹಿಂದೆ ಬಂಪರ್ ಬಿಚ್ಚಿದ್ರೆ ಬರೀ ತಗಡು. ಬೊಲೆರೊಗೆ ಅಡಿಯಲ್ಲಿ ಸರಿಯಾದ ಚಾಸಿ ಉಂಟು, ಟ್ರೈಲರ್ ಸಿಕ್ಕಿಸುವ 50 ಎಂಎಂ ಬಾಲ್ ಅದಕ್ಕೆ ಕೂರಿಸುವ. ಸೇಫ್ಟಿ ಚೈನ್ ಎರಡು, ಕತ್ರಿ ಆಕಾರಕ್ಕೆ ಅಡ್ಡ ಹಾಕ್ಬೇಕು, ಹಿಚ್ ಬಿಟ್ರೂ ಮೂತಿ ನೆಲಕ್ಕೆ ಬೀಳದೆ ಚೈನ್ ಮೇಲೆ ಕೂರ್ತದೆ.

ನಾಲ್ಕನ್ನೂ ಪಕ್ಕ ಪಕ್ಕ ಮಲಗಿಸ್ಲಿಕ್ಕೆ ಆಗುದಿಲ್ಲ, ಗಾಡಿ ರೋಡಿನ ಅರ್ಧ ತಿನ್ತದೆ. ಎರಡು ಅಂತಸ್ತು ಮಾಡುವ, ಡಬಲ್ ಕೆಳಗೆ, ಸಿಂಗಲ್ ಮೇಲೆ, ಮೇಲಿನ ಪೈಪ್ ಅಮ್ಮನ ಎದೆಮಟ್ಟಕ್ಕಿಂತ ಎತ್ತರ ಬೇಡ, ಯಾಕಂದ್ರೆ ಎತ್ತಿ ಕೊಡ್ಲಿಕ್ಕೆ ಕಡೆಗೆ ಬರುದು ಅವಳೇ. ಪೈಪಿಗೆ ಹಳೆ ಕಾರ್ಪೆಟ್ ಸುತ್ತುವ. ಕಟ್ಲಿಕ್ಕೆ ಲಾರಿಯವರ ರಾಟ್ಚೆಟ್ ಬೆಲ್ಟ್ ತರ್ಬೇಡ, ಅದ್ರಲ್ಲಿ ಎಷ್ಟು ಬಿಗೀತಾ ಇದ್ದೇವೆ ಅಂತ ಗೊತ್ತೇ ಆಗುದಿಲ್ಲ. ಕೈಯಲ್ಲಿ ಎಳೆದು ಬಿಗಿಯುವ ಸಾದಾ ಬಕಲ್ ಬೆಲ್ಟೇ ಸಾಕು. ಏಪ್ರಿಲ್ ಬಿಸಿಲಲ್ಲಿ ಪ್ಲಾಸ್ಟಿಕ್ ಮೆತ್ತಗಾಗ್ತದೆ, ಆಗ ಬಿಗಿ ಕಟ್ಟಿ ನಿಲ್ಲಿಸಿದ್ರೆ ಪೈಪಿನ ಅಚ್ಚು ಬೀಳ್ತದೆ, ಊಟಕ್ಕೆ ನಿಲ್ಲಿಸಿದಾಗ ಬೆಲ್ಟ್ ಸ್ವಲ್ಪ ಲೂಸ್ ಮಾಡು, ಹೊರಡುವಾಗ ನೆನಪಲ್ಲಿ ಪುನಃ ಬಿಗಿ. ಬೆಲ್ಟಿಗೆ ಒಂದು ತಿರುಚು ಕೊಟ್ಟು ಕಟ್ಟು, ಇಲ್ಲದಿದ್ರೆ ಗಾಳಿಗೆ ದಾರಿ ಇಡೀ ಗುಂಯ್ ಅಂತದೆ. ಮೂತಿ ಬಾಲ ಎರಡಕ್ಕೂ ಬೇರೆ ಹಗ್ಗ ಬೇಕೇ ಬೇಕು. ಮೂಲ್ಕಿ, ಉದ್ಯಾವರದ ಸೇತುವೆಗಳಲ್ಲಿ ಕಡಲ ಗಾಳಿ ಅಡ್ಡ ಬರ್ತದೆ, ಕಯಾಕಿಗೆ ತೂಕ ಇಲ್ಲ, ಮೈ ಮಾತ್ರ ದೊಡ್ಡದು. 60ರ ಮೇಲೆ ಹೋಗ್ಲೇಬೇಡ.

ಪೈಂಟು, ಎಪಾಕ್ಸಿ ಪ್ರೈಮರ್ ಎಲ್ಲ ನಂಗೆ ಬಿಡು. ಒಂದು ಮಾತ್ರ ಹೇಳ್ತೇನೆ, ಟ್ರೈಲರನ್ನು ನೀರಿಗೆ ಇಳಿಸ್ಲಿಕ್ಕಿಲ್ಲ. ವಿಡಿಯೋದಲ್ಲಿ ಇಳಿಸುದು ಮೋಟಾರ್ ಬೋಟಿನವರು, ಅವರಿಗೆ ಬೇರೆ ದಾರಿ ಇಲ್ಲ. ಓಡಿ ಬಿಸಿಯಾದ ಚಕ್ರದ ಹಬ್ ತಣ್ಣೀರಿಗೆ ಮುಳುಗಿದ ಕೂಡ್ಲೇ ಒಳಗಿನ ಗಾಳಿ ಕುಗ್ಗಿ ಉಪ್ಪು ನೀರನ್ನು ಎಳ್ಕೊಳ್ತದೆ, ಗ್ರೀಸ್ ಕೆಟ್ಟು ಬೇರಿಂಗ್ ತುಕ್ಕು. ಕಯಾಕ್ ಇಬ್ರು ಹಿಡಿದ್ರೆ ಆಯ್ತು, ರೋಡಲ್ಲಿ ನಿಲ್ಲಿಸಿ ಹೊತ್ಕೊಂಡು ಹೋಗಿ. ಸಸಿಹಿತ್ಲಲ್ಲಿ ಶಾಂಭವಿ, ನಂದಿನಿ ನದಿಗಳು ಸೇರುವಲ್ಲಿಯೂ ಅಷ್ಟೇ, ಕೋಡಿ ಬೆಂಗ್ರೆಯಲ್ಲಿಯೂ ಅಷ್ಟೇ, ಸಾಲಿಗ್ರಾಮದ ಪಾರಂಪಳ್ಳಿ ಹಿನ್ನೀರಿನ ಹತ್ರವೂ ಅಷ್ಟೇ. ಉಬ್ಬರದ ನೀರು ಏರುವಾಗ ಒಂದು ಕಡೆ ಇಳಿದು ಮೇಲಕ್ಕೆ ಹುಟ್ಟು ಹಾಕಿ ಇನ್ನೊಂದು ಕಡೆ ಹತ್ತುದು ಅಂತ ನಿನ್ನ ಪ್ಲ್ಯಾನ್ ಅಲ್ವಾ, ಅದಕ್ಕೇ ಈ ಗಾಡಿ ಬೇಕಾದ್ದು, ಐಡಿಯಾ ಒಳ್ಳೇದುಂಟು.

ಮತ್ತೆ ಕಾಗದಪತ್ರ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೈಲರ್ ಅಂದ್ರೂ ವಾಹನವೇ, ರಿಜಿಸ್ಟ್ರೇಶನ್ ಇಲ್ಲದೆ ರೋಡಿಗೆ ಹಾಕ್ಲಿಕ್ಕಿಲ್ಲ. "ಯಾರು ಕೇಳ್ತಾರೆ ಅಪ್ಪ" ಅಂತ ನೀನು ಹೇಳ್ಬಹುದು, ಪೊಲೀಸ್ ಕೇಳದಿದ್ರೂ ಆಕ್ಸಿಡೆಂಟ್ ಆದ ದಿನ ಇನ್ಶೂರೆನ್ಸಿನವ ಕೇಳ್ತಾನೆ. ಹಾಗಾಗಿ ಪೈಪ್ ಕತ್ತರಿಸುವ ಮೊದ್ಲೇ ನಾವಿಬ್ರೂ ಡ್ರಾಯಿಂಗ್ ಹಿಡ್ಕೊಂಡು ಆರ್‌ಟಿಒಗೆ ಹೋಗುವ. ಸ್ವಂತ ಕಟ್ಟಿದ್ದಕ್ಕೆ ಆಗುದಿಲ್ಲ ಅಂತ ಅವರು ಹೇಳಿದ್ರೆ ಪಾಸಿಂಗ್ ಆದ ಕಂಪನಿ ಟ್ರೈಲರ್ ತಗೊಂಡು ಅದರ ಸ್ಪ್ರಿಂಗು ನಿನ್ನ ಭಾರಕ್ಕೆ ಸರಿ ಉಂಟಾ ಅಂತ ಕೇಳುವ, ಮೇಲಿನ ಕಯಾಕ್ ಸ್ಟ್ಯಾಂಡ್ ಮಾತ್ರ ನಾನು ಮಾಡ್ತೇನೆ. ನಂಗೇನೂ ಬೇಜಾರಿಲ್ಲ, ಸ್ವಲ್ಪ ಉಂಟು, ಪರವಾಗಿಲ್ಲ.

ಓಕೆ ಆದ್ರೆ ಕೊಯ್ಲಾದ ಗದ್ದೆಯಲ್ಲಿ ನಿಂಗೆ ರಿವರ್ಸ್ ಕಲಿಸ್ತೇನೆ. ನಿನ್ನ ಆ ಫ್ರೆಂಡಿಗೂ, ಅವ ಡ್ರೈವಿಂಗಲ್ಲಿ ಎಕ್ಸ್‌ಪರ್ಟ್ ಅಂತೆ, ಟ್ರೈಲರ್ ಹಿಂದಕ್ಕೆ ಹಾಕ್ಲಿ ನೋಡುವ. ಮಳೆ ಹಿಡಿದ್ರೆ ಅಂಗಳದಲ್ಲಿ ವೆಲ್ಡಿಂಗ್ ಆಗುದಿಲ್ಲ, ಜೂನ್ 1ರಿಂದ ಜುಲೈ 31ರವರೆಗೆ ಮಲ್ಪೆಯ ದೊಡ್ಡ ಮೀನುಗಾರಿಕೆ ಬೋಟುಗಳೇ ಕಡಲಿಗೆ ಇಳಿಯುದಿಲ್ಲ, ನೀನು ಕಯಾಕ್ ಹಿಡ್ಕೊಂಡು ಎಲ್ಲಿಗೂ ಹೋಗ್ಲಿಕ್ಕಿಲ್ಲ. ಹಾಗಾಗಿ ಬರುದಾದ್ರೆ ಈಗ್ಲೇ ರಜೆ ಹಾಕಿ ಬಾ.

ಬರುವ ಮೊದ್ಲು ನಾಲ್ಕೂ ಕಯಾಕಿನ ಅಗಲ, ಉದ್ದ, ತೂಕ ಕಳಿಸು. ವೆಬ್‌ಸೈಟಲ್ಲಿ ಇದ್ದದ್ದು ಬೇಡ, ಟೇಪ್ ಹಿಡಿದು ಅಳೆ. ಅಮ್ಮ ಒಣ ಸಿಗಡಿ ಚಟ್ನಿ ಮಾಡಿಟ್ಟಿದ್ದಾಳೆ, ಬಸ್ಸಲ್ಲಿ ಕಳಿಸುದಾ ಬಂದೇ ತಿಂತೀಯಾ ಅಂತ ಕೇಳ್ತಾ ಇದ್ದಾಳೆ, ಅದಕ್ಕೂ ರಿಪ್ಲೈ ಮಾಡು.

ಅಪ್ಪ