ಬೋರ್ಡ್ ಕೈಗೆ ಕೊಡುವ ಮುನ್ನ ಮರಳಿನ ಪಾಠ ಕಡ್ಡಾಯವಾಗಲಿ: ಪ್ರವಾಸೋದ್ಯಮ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಪ್ರವಾಸೋದ್ಯಮ ಸಚಿವರಿಗೆ,

ನಮಸ್ಕಾರಗಳು. ನಾನು ಮೂಲ್ಕಿ ಬದಿಯವನು, ಸಸಿಹಿತ್ಲಿನ ಕಡಲಲ್ಲಿ ಹೊಸಬರಿಗೆ ಸರ್ಫಿಂಗ್, ಅಂದರೆ ಬೋರ್ಡ್ ಎಂಬ ಉದ್ದ ಹಲಗೆಯ ಮೇಲೆ ನಿಂತು ಅಲೆಯೇರುವ ಆಟ, ಕಲಿಸುತ್ತೇನೆ.

ಕಳೆದ ಜನವರಿಯ ಒಂದು ಭಾನುವಾರ ಘಟ್ಟದ ಮೇಲಿನಿಂದ ಬಂದ ಕಾಲೇಜು ಹುಡುಗನೊಬ್ಬ ಬಾಡಿಗೆಗೆ ಬೋರ್ಡ್ ತೆಗೆದುಕೊಂಡ. ಕೊಟ್ಟವರು ದುಡ್ಡು ಎಣಿಸಿಕೊಂಡರೇ ಹೊರತು ಒಂದು ಮಾತೂ ಹೇಳಲಿಲ್ಲ. ಅವನು ಬೋರ್ಡನ್ನು ಎದೆಗೆ ಅಡ್ಡ ಹಿಡಿದು ಅಲೆಗೆ ಎದುರಾದ. ನೊರೆ ಬೋರ್ಡಿಗೆ ಬಡಿಯಿತು, ಬೋರ್ಡಿನ ಅಂಚು ಅವನ ಗಲ್ಲಕ್ಕೆ ಬಡಿಯಿತು. ಕೈ ಹಿಡಿದು ದಡಕ್ಕೆ ಕರೆತಂದಾಗ ಬಾಯಿ ತುಂಬ ರಕ್ತ. “ಅಣ್ಣಾ, ಸೊಂಟದಷ್ಟೂ ನೀರಿರ್ಲಿಲ್ಲ” ಎನ್ನುತ್ತಿದ್ದ.

ಹತ್ತು ನಿಮಿಷ ಮರಳಿನ ಮೇಲೆ ಮಲಗಿಸಿ ಹೇಳಿಕೊಟ್ಟಿದ್ದರೆ ಇದು ತಪ್ಪುತ್ತಿತ್ತು. ಬೋರ್ಡ್ ಯಾವತ್ತೂ ಪಕ್ಕದಲ್ಲಿರಬೇಕು, ನಮಗೂ ಅಲೆಗೂ ನಡುವೆ ಬರಬಾರದು. ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗ, ಬೋರ್ಡಿನ ಮೇಲೆ ನಿಂತಾಗ ಹಿಂದೆ ಇರುವ ಕಾಲಿಗೆ. ಬಿದ್ದರೆ ತಲೆ ಮುಂದಾಗಿ ಧುಮುಕದೆ ಅಂಗಾತ ಬೀಳಬೇಕು, ಮೇಲೇಳುವಾಗ ಎರಡೂ ಕೈ ತಲೆಯ ಮೇಲಿರಬೇಕು. ಹೊಸಬರಿಗೆ ಎಂಟು–ಒಂಬತ್ತು ಅಡಿಯ, ಮೇಲ್ಮೈ ಮೆತ್ತಗಿರುವ ಬೋರ್ಡೇ ಸರಿ. ಮೊದಲ ದಿನಗಳೆಲ್ಲ ಒಡೆದ ಅಲೆಯ ನೊರೆಯಲ್ಲೇ ಕಳೆಯಲಿ.

ಆದರೆ ನನ್ನ ನಿದ್ದೆ ಕೆಡಿಸುವುದು ಗಲ್ಲದ ಗಾಯವಲ್ಲ, ಸೆಳೆತ. ಸಸಿಹಿತ್ಲಿನಲ್ಲಿ ನಂದಿನಿ, ಶಾಂಭವಿ ಎರಡೂ ಕಡಲು ಸೇರುತ್ತವೆ. ಇಳಿತದ ಹೊತ್ತಿಗೆ ಅಳಿವೆಯ ನೀರೆಲ್ಲ ಹೊರಕ್ಕೆ ನುಗ್ಗುತ್ತದೆ. ಅಳಿವೆಯೇ ಇರಬೇಕೆಂದಿಲ್ಲ; ಬೇರೆ ಕಡಲತೀರಗಳಲ್ಲೂ ದಡಕ್ಕೆ ಬಂದ ಅಲೆಯ ನೀರು ಮರಳು ತಗ್ಗಾದಲ್ಲಿ ಸೇರಿ ವಾಪಸ್ ಓಡುತ್ತದೆ. ಅಲ್ಲಿ ಆಳ ಹೆಚ್ಚು, ಹಾಗಾಗಿ ಅಲೆ ಒಡೆಯುವುದು ಕಡಿಮೆ. ನೋಡಿದವರಿಗೆ ಅದೇ ಶಾಂತವಾದ ಜಾಗ. ಮಕ್ಕಳನ್ನು ಕರೆದುಕೊಂಡು ಬಂದವರು ಹುಡುಕಿ ಹುಡುಕಿ ಅಲ್ಲಿಗೇ ಇಳಿಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ಓಡಿಹೋಗಿ ಕೂಗಿದ್ದೇನೆ.

ಸೆಳೆತ ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ಅದಕ್ಕೆ ಎದುರಾಗಿ ಈಜಿ ಸುಸ್ತಾದವರೇ ಮುಳುಗುವುದು. ಗಾಬರಿಯಾಗದೆ ತೇಲುತ್ತ ಕೈ ಎತ್ತಬೇಕು, ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಬೇಕು. ಬೋರ್ಡ್ ಇದ್ದರೆ ಏನೇ ಆದರೂ ಬಿಡಬಾರದು, ಅದೇ ದೋಣಿ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರಕ್ಕೆ ಪ್ರವಾಸ ಬಂದ ಕೋಲಾರ ಜಿಲ್ಲೆಯ ನಾಲ್ವರು ಶಾಲಾ ಹುಡುಗಿಯರನ್ನು ಕಡಲು ಕೊಂಡೊಯ್ದಿತು. ಕಡಲನ್ನೇ ಕಾಣದ ಊರಿನ ಮಕ್ಕಳಿಗೆ ಈ ನಾಲ್ಕು ಮಾತು ಹೇಳುವವರು ಯಾರು ಸ್ವಾಮಿ?

ದೇಶದ ಮೊದಲ ಸರ್ಫ್ ಕ್ಲಬ್ ಎಂದು ಹೆಸರಾದ ಮಂತ್ರ ಸರ್ಫ್ ಕ್ಲಬ್ 2004ರಲ್ಲಿ ಶುರುವಾದದ್ದು ನಮ್ಮ ಮೂಲ್ಕಿಯಲ್ಲಿ. 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ ಸಸಿಹಿತ್ಲಿನಲ್ಲೇ ನಡೆಯಿತು. ಆ ಹೆಮ್ಮೆ ನಮಗಿದೆ. ಅದಕ್ಕಾಗಿಯೇ ಕೇಳುತ್ತಿದ್ದೇನೆ.

ಬೋರ್ಡ್ ಬಾಡಿಗೆಗೆ ಕೊಡುವವರಿಗೆಲ್ಲ ಮರಳಿನ ಪಾಠ ಪರವಾನಗಿಯ ಷರತ್ತಾಗಲಿ. ಈಜು ಬಾರದವರನ್ನು ತರಬೇತುದಾರರಿಲ್ಲದೆ ನೀರಿಗೆ ಬಿಡುವಂತಿಲ್ಲ ಎಂದಾಗಲಿ. ಕೆಂಪು–ಹಳದಿ ಬಾವುಟಗಳ ನಡುವೆ ಇಳಿಯಬಹುದು, ಕೆಂಪು ಬಾವುಟವಿದ್ದರೆ ಇಳಿಯಲೇಬಾರದು ಎಂಬುದನ್ನು ಚಿತ್ರ ಸಮೇತ, ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆಸಿ. ಫಲಕವನ್ನು ಪಾರ್ಕಿಂಗ್ ಜಾಗದಲ್ಲೇ ನಿಲ್ಲಿಸಿ. ನೀರು ಕಂಡ ಮೇಲೆ ಯಾರೂ ಓದುವುದಿಲ್ಲ. ಜೀವರಕ್ಷಕರು ಸಂಜೆ ಕತ್ತಲಾಗುವವರೆಗೂ ಇರಲಿ, ಅವರ ಸಂಬಳ ತಿಂಗಳು ತಿಂಗಳು ಕೈ ಸೇರಲಿ.

ಮಳೆಗಾಲದಲ್ಲಿ ಹೊಸಬರಿಗೆ ನಾನು ಕಲಿಸುವುದಿಲ್ಲ, ಆಗಿನ ಕಡಲು ಅವರದ್ದಲ್ಲ. ಮಳೆ ನಿಂತು ಅಕ್ಟೋಬರ್ ಬರುತ್ತಿದ್ದಂತೆ ಬೋರ್ಡುಗಳು ಮತ್ತೆ ಮರಳಿಗೆ ಬರುತ್ತವೆ, ಬಸ್ಸುಗಳೂ ಬರುತ್ತವೆ. ಅಷ್ಟರೊಳಗೆ ಆದೇಶ ಹೊರಡಿಸಿ. ಪಾಠ ಹೇಗಿರಬೇಕೆಂದು ನೋಡಬೇಕಿದ್ದರೆ ಯಾವುದಾದರೂ ಬೆಳಿಗ್ಗೆ ಆರೂವರೆಗೆ ಸಸಿಹಿತ್ಲಿಗೆ ಬನ್ನಿ, ತೋರಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಸಸಿಹಿತ್ಲಿನ ಒಬ್ಬ ಸರ್ಫಿಂಗ್ ತರಬೇತುದಾರ