ಸಿಹಿಗುಂಬಳದ ಬಳ್ಳಿಗೆ ಔಷಧಿ ಕೇಳುವ ಮುನ್ನ
ಗುಂಪಿನ ಸದಸ್ಯರೆಲ್ಲರ ಗಮನಕ್ಕೆ,

ಸಿಹಿಗುಂಬಳದ ಹೀಚುಗಳು ಹಳದಿಯಾಗಿ ಉದುರುತ್ತಿವೆ, ಏನು ಸಿಂಪಡಿಸಬೇಕು ಎಂಬ ಪ್ರಶ್ನೆ ಪದೇ ಪದೇ ಬರುತ್ತಿರುವುದರಿಂದ ಈ ಸೂಚನೆಯನ್ನು ಬರೆಯುತ್ತಿದ್ದೇನೆ. ಹೆಚ್ಚಿನ ಸಂದರ್ಭಗಳಲ್ಲಿ ಅದು ರೋಗವಲ್ಲ. ಪರಾಗಸ್ಪರ್ಶವಾಗದ ಹೀಚನ್ನು ಬಳ್ಳಿ ತಾನೇ ಕೈಬಿಡುತ್ತದೆ. ಬುಡದಲ್ಲಿ ಗೋಲಿಯಷ್ಟು ಕಾಯಿ ಹೊತ್ತ ಹೆಣ್ಣು ಹೂವು ನಸುಕಿನಲ್ಲಿ ಅರಳಿ ಮಧ್ಯಾಹ್ನದೊಳಗೆ ಮುದುಡುವುದರಿಂದ, ಜೇನ್ನೊಣಗಳು ಸುಳಿಯದ ಕಡೆ ಬೆಳಗ್ಗೆಯೇ ಗಂಡು ಹೂವಿನ ಎಸಳುಗಳನ್ನು ಬಿಡಿಸಿ, ಅದರ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವಿನ ಅಂಟು ತುದಿಗೆ ಮೆಲ್ಲಗೆ ಸವರಬೇಕು.

ಎಲೆಯ ಮೇಲಿನ ಬಿಳಿ ಕಲೆಯನ್ನು ಉಜ್ಜಿ ನೋಡಿ. ಹಿಟ್ಟಿನಂತೆ ಬೆರಳಿಗೆ ಹತ್ತಿದರೆ ಅದು ಬೂದಿ ರೋಗ. ನರಗಳ ಕವಲಿನಲ್ಲಿ ಬೆಳ್ಳಿಯಂತೆ ಹೊಳೆಯುತ್ತ ಅಳಿಸದೆ ಉಳಿದರೆ ತಳಿಯ ಸಹಜ ಗುರುತು. (ಅಂಥ ಆರೋಗ್ಯವಂತ ಎಲೆಗಳನ್ನು ನಾನೇ ಒಮ್ಮೆ ಕತ್ತರಿಸಿ ಎಸೆದಿದ್ದೇನೆ.)

ಬಿಸಿಲಿಗೆ ಬಾಡಿದ ಎಲೆ ಸಂಜೆಗೆ ಚೇತರಿಸಿಕೊಂಡರೆ ಚಿಂತೆ ಬೇಡ. ಬೆಳಗ್ಗೆಯೂ ಜೋತುಬಿದ್ದಿದ್ದರೆ ಮಣ್ಣನ್ನು ಬಗೆದು ತೇವ ನೋಡಿ, ಕಾಂಡದ ಬುಡದಲ್ಲಿ ತೂತು ಅಥವಾ ಕೊಳೆತ ಇದೆಯೇ ಎಂದು ಪರೀಕ್ಷಿಸಿ.

ಇನ್ನು ಮುಂದೆ ಚಿತ್ರ ಕಳುಹಿಸುವಾಗ ಎಲೆಯ ಎರಡೂ ಮಗ್ಗುಲುಗಳು ಮತ್ತು ಬಳ್ಳಿಯ ಬುಡ ಕಾಣುವಂತಿರಲಿ. ಎಷ್ಟು ದಿನಕ್ಕೊಮ್ಮೆ ನೀರುಣಿಸುತ್ತೀರಿ ಎಂಬುದನ್ನೂ ದಯವಿಟ್ಟು ತಿಳಿಸಿ.