ಗೃಹಸಾಲ ಬೇಗ ತೀರಬೇಕಾದರೆ ಮನೆಯ ಇಬ್ಬರೂ ಲೆಕ್ಕ ನೋಡಬೇಕು

ಮಾನ್ಯ ಸಂಪಾದಕರೇ,

ಗೃಹಸಾಲವನ್ನು ಅವಧಿಗೆ ಮೊದಲೇ ತೀರಿಸುವ ಬಗೆಯನ್ನು ಕುರಿತು ತಮ್ಮ ಪತ್ರಿಕೆಯ ಹಣಕಾಸು ಪುಟದಲ್ಲಿ ಈಚೆಗೆ ಪ್ರಕಟವಾದ ಲೇಖನವನ್ನು ಎರಡು ಬಾರಿ ಓದಿದೆ. ಅದರಲ್ಲಿನ ಲೆಕ್ಕಗಳಲ್ಲಿ ತಪ್ಪೇನೂ ಇಲ್ಲ. ಆದರೆ ಹಣದ ವಿಷಯದಲ್ಲಿ ಮನೆಯವರೆಲ್ಲರದೂ ಒಂದೇ ಮನಸ್ಸು ಎಂದು ಭಾವಿಸಿಕೊಂಡೇ ಆ ಲೆಕ್ಕಗಳನ್ನು ಹಾಕಲಾಗಿದೆ. ಗಂಡ ಹೆಂಡಿರಲ್ಲಿ ಒಬ್ಬರದು ಬಿಗಿ ಕೈ, ಮತ್ತೊಬ್ಬರದು ಸಡಿಲ ಕೈ ಆಗಿರುವ ಮನೆಯಲ್ಲಿ ಅದೇ ಲೆಕ್ಕ ಬೇರೆಯೇ ದಾರಿ ಹಿಡಿಯುತ್ತದೆ. ಅಂಥ ಸಂಸಾರವನ್ನು ನಡೆಸಿ, 20 ವರ್ಷಗಳ ಸಾಲವನ್ನು 15ನೆಯ ವರ್ಷದಲ್ಲಿ ತೀರಿಸಿದವಳಾಗಿ ನಾಲ್ಕು ಮಾತು ಬರೆಯಬೇಕೆನಿಸಿತು. ಈ ಪತ್ರವನ್ನು ನನ್ನ ಪತಿಯವರು ಓದಿ ಒಪ್ಪಿದ ಮೇಲೆಯೇ ಕಳುಹಿಸುತ್ತಿದ್ದೇನೆ.

ಅವರು ಕೆಟ್ಟ ಚಟಗಳಿಗೆ ಹಣ ಕಳೆದವರಲ್ಲ. ಯಾರಾದರೂ ಕೇಳಿದರೆ ಇಲ್ಲವೆನ್ನಲಾರದ, ಹೊಸ ವಸ್ತುವೊಂದು ಕಣ್ಣಿಗೆ ಬಿದ್ದರೆ ನಾಳೆಗೆಂದು ಬಿಡಲಾರದ, ತಿಂಗಳ ಕೊನೆಯನ್ನು ತಿಂಗಳ ಕೊನೆಯಲ್ಲಿ ನೋಡಿಕೊಂಡರಾಯಿತು ಎನ್ನುವ ಸ್ವಭಾವ ಅವರದು. ಖರ್ಚಿಗೆ ಮೊದಲು ಮೂರು ಸಲ ಯೋಚಿಸುವವಳು ನಾನು. ಇಂಥ ಜೋಡಿಗಳು ಅಪರೂಪವಲ್ಲ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಸ್ಕಾಟ್ ರಿಕ್, ಡೆಬೊರಾ ಸ್ಮಾಲ್ ಮತ್ತು ಎಲಿ ಫಿಂಕೆಲ್ ಎಂಬ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನವು, ಕೈಬಿಚ್ಚಿ ಖರ್ಚು ಮಾಡುವವರೂ ಕೈ ಬಿಗಿಹಿಡಿಯುವವರೂ ಒಬ್ಬರನ್ನೊಬ್ಬರು ವರಿಸುವ ಒಲವು ಹೆಚ್ಚೆಂದೂ, ಆ ಅಂತರ ದೊಡ್ಡದಾದಷ್ಟೂ ಹಣದ ಜಗಳಗಳು ಹೆಚ್ಚೆಂದೂ ಕಂಡುಕೊಂಡಿತು. ಧಾರಾಳಿಗಳಿಬ್ಬರು ಕೂಡಿದರೆ ಸಾಲ ಹೆಚ್ಚು, ಆದರೂ ಜಗಳ ಕಡಿಮೆ. ಧಾರಾಳಿಗೆ ಬಿಗಿ ಕೈಯವರು ಜೊತೆಯಾದರೆ ಸಾಲ ಕಡಿಮೆ, ಜಗಳ ಹೆಚ್ಚು. ಇದನ್ನು ಓದಿದಾಗ ನಮ್ಮ ಮನೆಯ ಮೊದಲ ಐದು ವರ್ಷಗಳನ್ನೇ ಯಾರೋ ಬರೆದಿಟ್ಟಂತೆ ಅನಿಸಿತು.

ಆ ಐದು ವರ್ಷಗಳಲ್ಲಿ ನಾನು ಮಾಡಿದ್ದು ಇಷ್ಟು. ನನ್ನ ಸಂಬಳದಲ್ಲಿ ಮಿಗಿಸಿದ್ದನ್ನೂ ವರ್ಷಕ್ಕೊಮ್ಮೆ ಬರುತ್ತಿದ್ದ ಬೋನಸ್ಸನ್ನೂ ಪತಿಗೆ ತಿಳಿಸದೆ ಸಾಲದ ಖಾತೆಗೆ ಕಟ್ಟುತ್ತಾ ಹೋದೆ. ಹೇಳಿದರೆ ಆ ಹಣ ಉಳಿಯುವುದಿಲ್ಲ ಎಂಬ ಭಯ ನನ್ನದು. ಕಂತಂತೂ ತಪ್ಪದೆ ಹೋಗುತ್ತಿದೆ, ಹೆಂಡತಿ ಹಣದ ಮಾತೆತ್ತುತ್ತಿಲ್ಲ, ಆದ್ದರಿಂದ ಎಲ್ಲವೂ ಸುಸೂತ್ರವಾಗಿದೆ ಎಂದುಕೊಂಡ ಅವರು ತಮ್ಮ ಖರ್ಚನ್ನು ಕ್ರೆಡಿಟ್ ಕಾರ್ಡಿಗೆ ಹಾಕುತ್ತಾ, ಪ್ರತಿ ತಿಂಗಳೂ ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತಾ ಬಂದರು. ಆರನೆಯ ವರ್ಷದಲ್ಲಿ ಕಾರ್ಡಿನ ಬಾಕಿ, ಅದನ್ನು ತುಂಬಲು ಅವರು ಎತ್ತಿದ್ದ ವೈಯಕ್ತಿಕ ಸಾಲ, ಎರಡೂ ಒಂದೇ ದಿನ ಬೆಳಕಿಗೆ ಬಂದವು. ಕೂಡಿ ನೋಡಿದರೆ, ನಾನು ಗುಟ್ಟಾಗಿ ಕಟ್ಟಿದ್ದ ಮೊತ್ತಕ್ಕೂ ಅವರು ಗುಟ್ಟಾಗಿ ಮಾಡಿದ್ದ ಸಾಲಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ.

ಸರಿಸಮವಾಯಿತಲ್ಲ ಎಂದು ಯಾರಾದರೂ ಸಮಾಧಾನ ಹೇಳಬಹುದು. ಅದು ಸರಿಸಮವಲ್ಲ. ನಮ್ಮ ಗೃಹಸಾಲದ ಬಡ್ಡಿ ವರ್ಷಕ್ಕೆ ಶೇ. 9ರ ಆಸುಪಾಸಿನಲ್ಲಿತ್ತು. ಕಾರ್ಡಿನ ಬಾಕಿಯ ಮೇಲೆ ತಿಂಗಳಿಗೆ ಶೇ. 3 ಬಡ್ಡಿ ಬಿದ್ದರೆ ವರ್ಷಕ್ಕೆ ಶೇ. 36 ಆಗುತ್ತದೆ, ಬಡ್ಡಿಯ ಮೇಲಿನ ಬಡ್ಡಿಯನ್ನೂ ಸೇರಿಸಿದರೆ ಶೇ. 42 ದಾಟುತ್ತದೆ. ಅಂದರೆ ನಾನು ಒಂದು ಕಡೆ ಶೇ. 9ರ ಬಡ್ಡಿಯನ್ನು ಉಳಿಸುತ್ತಿದ್ದಾಗ ಅದೇ ಮನೆ ಇನ್ನೊಂದು ಕಡೆ ಅದರ ನಾಲ್ಕು ಪಟ್ಟಿಗಿಂತ ಹೆಚ್ಚು ಬಡ್ಡಿ ತೆರುತ್ತಿತ್ತು. ಐದು ವರ್ಷ ಹೊಟ್ಟೆ ಬಟ್ಟೆ ಕಟ್ಟಿ ಉಳಿಸಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಗಿತ್ತು. ತಮ್ಮ ಲೇಖನದಲ್ಲಿ ಇರಬೇಕಿತ್ತು ಎಂದು ನನಗೆ ತೋರಿದ ಮೊದಲ ಮಾತು ಇದೇ: ಗೃಹಸಾಲಕ್ಕೆ ಹೆಚ್ಚುವರಿ ಹಣ ಕಟ್ಟುವ ಮೊದಲು ಮನೆಯ ಇಬ್ಬರ ಹೆಸರಿನಲ್ಲೂ ಇರುವ ಎಲ್ಲ ಸಾಲಗಳನ್ನು ಒಂದೇ ಹಾಳೆಯಲ್ಲಿ ಬರೆಯಬೇಕು, ಹೆಚ್ಚು ಬಡ್ಡಿಯದನ್ನು ಮೊದಲು ತೀರಿಸಬೇಕು.

ಆ ದಿನ ನಾವು ಜಗಳವಾಡಿದೆವು ಎಂದು ಬೇರೆ ಹೇಳಬೇಕಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತನ್ನು ಎರಡೂ ಕಡೆಯ ಹಿರಿಯರು ಅವರಿಗೆ ವರ್ಷಗಟ್ಟಲೆ ಹೇಳಿದ್ದರು, ನಾನೂ ಹೇಳಿದ್ದೆ. ಅದರಿಂದ ಯಾವ ಪ್ರಯೋಜನವೂ ಆಗಿರಲಿಲ್ಲ. ಅವರ ಮನಸ್ಸನ್ನು ಮುಟ್ಟಿದ್ದು ಸಾಲದ ಮರುಪಾವತಿ ಪಟ್ಟಿ, ಅಂದರೆ ಪ್ರತಿ ಕಂತಿನಲ್ಲಿ ಅಸಲೆಷ್ಟು ಬಡ್ಡಿಯೆಷ್ಟು ಎಂದು ತಿಂಗಳವಾರು ತೋರಿಸುವ ಆ ಉದ್ದನೆಯ ಕೋಷ್ಟಕ. ಶೇ. 9ರ ಬಡ್ಡಿಯ 20 ವರ್ಷಗಳ ಸಾಲದಲ್ಲಿ ಮೊದಲ ತಿಂಗಳ ಕಂತಿನ ಪ್ರತಿ ನೂರರಲ್ಲಿ 83ಕ್ಕೂ ಹೆಚ್ಚು ಬಡ್ಡಿಗೇ ಹೋಗುತ್ತದೆ. ಐದು ವರ್ಷ ಒಂದು ಕಂತನ್ನೂ ತಪ್ಪಿಸದೆ ಕಟ್ಟಿದರೂ ಅಸಲಿನ ನೂರರಲ್ಲಿ 88ಕ್ಕಿಂತ ಹೆಚ್ಚು ಉಳಿದಿರುತ್ತದೆ; ಹತ್ತು ವರ್ಷ ಕಳೆದರೂ 71 ಉಳಿದಿರುತ್ತದೆ. ಅರ್ಧ ಅಸಲು ತೀರಲು ಹತ್ತಿರ ಹತ್ತಿರ 14 ವರ್ಷ ಬೇಕು. ಐದು ವರ್ಷ ಆಯಿತೆಂದರೆ ಕಾಲು ಭಾಗ ಸಾಲ ಮುಗಿಯಿತು ಎಂದೇ ಅವರು ನಂಬಿದ್ದರು. ಖರ್ಚು ಮಾಡುವವರಿಗೆ ಲೆಕ್ಕ ಬೇಡ ಎಂದುಕೊಂಡು ಆ ಕಾಗದಗಳನ್ನೆಲ್ಲ ನನ್ನ ಕಪಾಟಿನಲ್ಲಿಯೇ ಇಟ್ಟುಕೊಂಡಿದ್ದವಳು ನಾನು. ಸಾಲ ಇಬ್ಬರ ಹೆಸರಿನಲ್ಲೂ ಇತ್ತು. ಜಂಟಿ ಸಾಲದಲ್ಲಿ ಒಬ್ಬರು ಕಟ್ಟದಿದ್ದರೆ ಸಾಲ ಕೊಟ್ಟವರು ಪೂರ್ತಿ ಮೊತ್ತವನ್ನು ಇನ್ನೊಬ್ಬರಿಂದಲೇ ವಸೂಲು ಮಾಡಬಹುದು. ಅಷ್ಟು ಹೊಣೆ ಹೊತ್ತವರಿಗೆ ಲೆಕ್ಕವನ್ನೇ ತೋರಿಸದೆ ಇದ್ದದ್ದು ನನ್ನ ತಪ್ಪು ಎಂದು ಇಂದಿಗೂ ನಂಬಿದ್ದೇನೆ.

ಅದೇ ಕೋಷ್ಟಕದಲ್ಲಿ ಉತ್ಸಾಹ ತುಂಬುವ ಲೆಕ್ಕವೂ ಇತ್ತು. ಮಾಸಿಕ ಕಂತನ್ನು ಬದಲಿಸದೆ ಸಾಲದ ಮೊದಲ ತಿಂಗಳಲ್ಲಿಯೇ ಒಂದು ಕಂತನ್ನು ಹೆಚ್ಚಾಗಿ ಕಟ್ಟಿದರೆ ಅದು ಕೊನೆಯ ಸುಮಾರು ಆರು ಕಂತುಗಳನ್ನು ಇಲ್ಲವಾಗಿಸುತ್ತದೆ; ಅದೇ ಕಂತನ್ನು 15 ವರ್ಷ ಕಳೆದ ಮೇಲೆ ಕಟ್ಟಿದರೆ ತಪ್ಪುವುದು ಒಂದೂವರೆ ಕಂತು ಮಾತ್ರ. ವರ್ಷಕ್ಕೊಂದು ಹೆಚ್ಚುವರಿ ಕಂತು ಕಟ್ಟುತ್ತಾ ಹೋದರೆ 20 ವರ್ಷಗಳ ಸಾಲ ಮೂರು ವರ್ಷಕ್ಕೂ ಹೆಚ್ಚು ಮುಂಚೆ ಮುಗಿಯುತ್ತದೆ. ಕಂತನ್ನು ಪ್ರತಿ ವರ್ಷ ಶೇ. 5ರಷ್ಟು ಏರಿಸುತ್ತಾ ಹೋದರೆ ಸುಮಾರು 12 ವರ್ಷಗಳಲ್ಲಿಯೇ ಮುಗಿಯುತ್ತದೆ. ಇದನ್ನು ನೋಡಿದ ನನ್ನ ಪತಿ, ಒಂದು ದುಬಾರಿ ವಸ್ತುವಿನ ಬೆಲೆಯನ್ನು ತಪ್ಪಿಸಬಹುದಾದ ಕಂತುಗಳಾಗಿ ಎಣಿಸಲು ತೊಡಗಿದರು. ಯಾರ ಉಪದೇಶದಿಂದಲೂ ಆಗದಿದ್ದ ಬದಲಾವಣೆ ಅದು. ಕೊಳ್ಳುವ ಸುಖ ಇಂದಿನದು, ಉಳಿದ ಬಡ್ಡಿ ಎಂದೋ ಇಪ್ಪತ್ತನೆಯ ವರ್ಷದ್ದು. ಆ ದೂರದ ಲಾಭವನ್ನು ಇಂದಿನ ಲೆಕ್ಕಕ್ಕೆ ತಂದು ತೋರಿಸುವವರೆಗೆ ಧಾರಾಳ ಸ್ವಭಾವದವರಿಗೆ ಅದು ಕಾಣಿಸುವುದೇ ಇಲ್ಲ.

ಆ ಮೇಲೆ ನಾವು ಮಾಡಿಕೊಂಡ ಏರ್ಪಾಡುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು, ಸಂಬಳ ಏರುವ ಮೊದಲೇ ಆ ಏರಿಕೆಯ ಅರ್ಧವನ್ನು ಸಾಲಕ್ಕೆ ಮೀಸಲಿಡುವ ಒಪ್ಪಂದ. ಕೈಗೆ ಬಂದ ಹಣವನ್ನು ಬಿಟ್ಟುಕೊಡುವುದು ಯಾರಿಗೂ ಕಷ್ಟ, ಇನ್ನೂ ಬಾರದ ಹಣವನ್ನು ಬಿಟ್ಟುಕೊಡುವುದು ಅಷ್ಟು ಕಷ್ಟವಲ್ಲ. ಅರ್ಥಶಾಸ್ತ್ರಜ್ಞರಾದ ರಿಚರ್ಡ್ ಥೇಲರ್ ಮತ್ತು ಶ್ಲೋಮೊ ಬೆನಾರ್ಟ್ಜಿ 2004ರಲ್ಲಿ ಪ್ರಕಟಿಸಿದ ಪ್ರಬಂಧ ಇದೇ ತತ್ವದ ಮೇಲೆ ನಿಂತಿದೆ. ಮುಂದೆ ಬರುವ ಸಂಬಳದ ಏರಿಕೆಯಲ್ಲಿ ಒಂದು ಪಾಲನ್ನು ನಿವೃತ್ತಿಯ ಉಳಿತಾಯಕ್ಕೆ ಕೊಡಲು ಮೊದಲೇ ಒಪ್ಪಿಕೊಂಡ ನೌಕರರ ಉಳಿತಾಯದ ಪ್ರಮಾಣ 40 ತಿಂಗಳಲ್ಲಿ ಶೇ. 3.5ರಿಂದ ಶೇ. 13.6ಕ್ಕೆ ಏರಿತು. ಅವರು ಉಳಿತಾಯಕ್ಕೆ ಹೇಳಿದ್ದು ಸಾಲ ತೀರಿಸುವುದಕ್ಕೂ ಹೊಂದುತ್ತದೆ ಎಂಬುದನ್ನು ನಮ್ಮ ಮನೆಯಲ್ಲಿ ಕಂಡಿದ್ದೇನೆ. ಹೆಚ್ಚಿಸಿದ ಕಂತು ಸಂಬಳ ಬಂದ ಮರುದಿನವೇ ತಾನಾಗಿ ಸಾಲದ ಖಾತೆಗೆ ಹೋಗುವಂತೆ ಬ್ಯಾಂಕಿಗೆ ಬರೆದುಕೊಟ್ಟೆವು. ತಿಂಗಳ ಕೊನೆಯಲ್ಲಿ ಉಳಿದದ್ದನ್ನು ಕಟ್ಟೋಣ ಎಂದವರ ಮನೆಯಲ್ಲಿ ಏನೂ ಉಳಿಯುವುದಿಲ್ಲ.

ಇದರ ಜೊತೆಗೆ ಇಬ್ಬರಿಗೂ ಸಮನಾದ ಒಂದು ಮೊತ್ತವನ್ನು ಪ್ರತಿ ತಿಂಗಳೂ ತೆಗೆದಿಟ್ಟೆವು. ಅದನ್ನು ಯಾವುದಕ್ಕೆ ಖರ್ಚು ಮಾಡಿದಿರಿ ಎಂದು ಪರಸ್ಪರ ಕೇಳುವಂತಿಲ್ಲ. ಒಪ್ಪಿಕೊಳ್ಳಲು ನನಗೆ ಬಹಳ ಕಷ್ಟವಾದ ಅಂಶ ಇದೇ. ಅಷ್ಟೂ ಹಣ ಸಾಲಕ್ಕೆ ಹೋದರೆ ಇನ್ನೊಂದು ವರ್ಷ ಉಳಿಯುತ್ತದಲ್ಲ ಎಂದು ನನ್ನ ಮನಸ್ಸು ಎಣಿಸುತ್ತಲೇ ಇತ್ತು. ಆದರೆ ಉಸಿರಾಡಲು ಬಿಡದಷ್ಟು ಬಿಗಿಯಾದ ಲೆಕ್ಕವನ್ನು ಖರ್ಚುಗಾರರು ಮೂರು ತಿಂಗಳು ಪಾಲಿಸಿ ನಾಲ್ಕನೆಯ ತಿಂಗಳು ಮುರಿಯುತ್ತಾರೆ. ಮುರಿದದ್ದನ್ನು ಬಚ್ಚಿಡಲು ಮತ್ತೆ ಕಾರ್ಡಿನ ಮೊರೆ ಹೋಗುತ್ತಾರೆ. ಒಂದು ವರ್ಷ ತಡವಾಗಿ ತೀರುವ ಸಾಲ, ಮನೆಯೊಳಗೆ ಗುಟ್ಟಾಗಿ ಬೆಳೆಯುವ ಸಾಲಕ್ಕಿಂತ ಎಷ್ಟೋ ಮೇಲು.

ತಮ್ಮ ಲೇಖಕರು ಓವರ್‌ಡ್ರಾಫ್ಟ್ ಜೋಡಿಸಿದ ಗೃಹಸಾಲವನ್ನು ಬಹಳವಾಗಿ ಹೊಗಳಿದ್ದಾರೆ. ಹೆಚ್ಚುವರಿ ಹಣವನ್ನು ಅಂಥ ಖಾತೆಯಲ್ಲಿ ಇಟ್ಟರೆ ಅಷ್ಟು ಮೊತ್ತಕ್ಕೆ ಬಡ್ಡಿ ಬೀಳುವುದಿಲ್ಲ, ಬೇಕಾದಾಗ ಹಿಂತೆಗೆಯಲೂ ಬಹುದು ಎಂಬುದು ನಿಜ. ಶಿಸ್ತಿನ ಮನೆಗೆ ಅದು ಒಳ್ಳೆಯ ಸೌಲಭ್ಯವೇ. ನಮ್ಮಂಥ ಮನೆಯಲ್ಲಿ ಮಾತ್ರ, ಬೇಕಾದಾಗ ಹಿಂತೆಗೆಯಬಹುದು ಎಂಬ ಅನುಕೂಲವೇ ಕಂಟಕವಾಗುತ್ತದೆ. ಸಾಲಕ್ಕೆ ಒಮ್ಮೆ ಕಟ್ಟಿದ ಹಣ ಸುಲಭವಾಗಿ ಮರಳಿ ಬಾರದಿರುವುದೇ ನಮಗೆ ರಕ್ಷಣೆಯಾಗಿತ್ತು. ಆದರೆ ಅದೇ ಕಾರಣದಿಂದ ಕೈಯಲ್ಲಿರುವುದನ್ನೆಲ್ಲ ಸಾಲಕ್ಕೆ ಸುರಿಯಬಾರದು. ಕೆಲಸ ಹೋದರೆ, ಕಾಯಿಲೆ ಬಿದ್ದರೆ, ನೀವು ಮುಂಗಡ ಕಟ್ಟಿದ್ದೀರಿ ಎಂದು ಬ್ಯಾಂಕು ಸಾಮಾನ್ಯವಾಗಿ ಮುಂದಿನ ಕಂತನ್ನು ಬಿಟ್ಟುಕೊಡುವುದಿಲ್ಲ. ಕೆಲವು ತಿಂಗಳ ಮನೆಖರ್ಚು ಮತ್ತು ಕಂತುಗಳಿಗೆ ಸಾಲುವಷ್ಟು ಹಣವನ್ನು, ತೆಗೆಯಲು ಇಬ್ಬರ ಸಹಿಯೂ ಬೇಕಾಗುವ ಖಾತೆಯಲ್ಲಿ ಮೊದಲು ಇಟ್ಟುಕೊಳ್ಳಬೇಕು.

ಭಾಗಶಃ ಮೊತ್ತ ಕಟ್ಟಿದಾಗ ಕಂತನ್ನು ಇಳಿಸಬೇಕೋ ಅವಧಿಯನ್ನು ಇಳಿಸಬೇಕೋ ಎಂಬ ಪ್ರಶ್ನೆ ಬರುತ್ತದೆ. ಅವಧಿಯನ್ನೇ ಇಳಿಸಲು ಲಿಖಿತವಾಗಿ ಕೇಳಬೇಕು. ಕಂತು ಇಳಿದರೆ ಪ್ರತಿ ತಿಂಗಳು ಮಿಗುವ ಆ ಸಣ್ಣ ಮೊತ್ತ ಎಲ್ಲಿಗೆ ಹೋಯಿತೆಂಬುದು ಗೊತ್ತೇ ಆಗುವುದಿಲ್ಲ. ಅವಧಿಪೂರ್ವ ಪಾವತಿಗೆ ಶುಲ್ಕ ಇದೆಯೇ ಎಂಬುದನ್ನು, ಅದರಲ್ಲೂ ಸ್ಥಿರ ಬಡ್ಡಿಯ ಸಾಲವಾದರೆ, ಒಪ್ಪಂದಪತ್ರದಲ್ಲಿ ನೋಡಿಕೊಳ್ಳಬೇಕು.

ಇನ್ನೊಂದು ಅಪಾಯವನ್ನು ತಮ್ಮ ಲೇಖನ ಹೇಳಿಯೇ ಇಲ್ಲ. ಅಸಲು ಇಳಿಯುತ್ತಾ ಬಂದಂತೆ, ಅದೇ ಮನೆಯ ಮೇಲೆ ಮತ್ತಷ್ಟು ಹಣ ಕೊಡುತ್ತೇವೆಂಬ ಟಾಪ್-ಅಪ್ ಸಾಲದ ಕರೆಗಳು ಬರತೊಡಗುತ್ತವೆ. ನಮಗೆ ಹತ್ತನೆಯ ವರ್ಷದಲ್ಲಿ ಇಂಥದೊಂದು ಕರೆ ಬಂದಾಗ ಪತಿ ಅರ್ಜಿ ಭರ್ತಿ ಮಾಡಿಯೂ ಬಿಟ್ಟಿದ್ದರು. ಗೃಹಸಾಲದ ಬಡ್ಡಿಯಲ್ಲೇ ಸಿಗುತ್ತದಲ್ಲ ಎಂಬುದು ಅವರ ವಾದ. ಬಡ್ಡಿ ಕಡಿಮೆಯೇ ಇರಬಹುದು, ಆದರೆ ಎರಡು ವರ್ಷದಲ್ಲಿ ಹಳತಾಗುವ ವಸ್ತುವಿಗೆ ಹತ್ತು ವರ್ಷ ಬಡ್ಡಿ ಕಟ್ಟಿದರೆ ಒಟ್ಟು ಮೊತ್ತ ಕಡಿಮೆಯಾಗುವುದಿಲ್ಲ. ಜಂಟಿ ಸಾಲವಾದ್ದರಿಂದ ನನ್ನ ಸಹಿಯೂ ಬೇಕಿತ್ತು. ಆ ಸಂಜೆ ನಾನು ಬೇಡವೆನ್ನಲಿಲ್ಲ. ಕೋಷ್ಟಕವನ್ನು ಮುಂದಿಟ್ಟು, ಮುಗಿಯುವ ತಾರೀಖು ಎಷ್ಟು ದೂರ ಹೋಗುತ್ತದೆ ಎಂದು ನೀವೇ ನೋಡಿ ಎಂದೆ. ಅರ್ಜಿಯನ್ನು ಅವರೇ ಹರಿದುಹಾಕಿದರು.

ಇಲ್ಲಿ ಹೇಳಿದ್ದೆಲ್ಲ ಧಾರಾಳ ಸ್ವಭಾವದವರ ಮಾತು. ಜೂಜು, ನಿಲ್ಲಿಸಲಾಗದ ಖರೀದಿಯ ಗೀಳು, ಸಂಗಾತಿಯ ಹೆಸರಿನಲ್ಲಿ ಸಹಿ ಮಾಡಿ ತಂದ ಸಾಲ, ಇವು ಇರುವ ಮನೆಗೆ ಒಪ್ಪಂದದ ಹಾಳೆ ಸಾಲದು. ಅಲ್ಲಿ ಮನೋವೈದ್ಯರ ಮತ್ತು ವಕೀಲರ ನೆರವು ಬೇಕು. ಗೃಹಸಾಲವನ್ನು ಬೇಗ ತೀರಿಸುವ ಯೋಚನೆಗೆ ಆಮೇಲಿನ ಸರದಿ.

ಸಾಲ ತೀರಿದ ದಿನ ಇಬ್ಬರೂ ಹೋಗಿ ಬಾಕಿ ಇಲ್ಲವೆಂಬ ಪತ್ರವನ್ನೂ ಆಸ್ತಿಯ ಮೂಲ ಕಾಗದಪತ್ರಗಳನ್ನೂ ಒಂದೊಂದಾಗಿ ಎಣಿಸಿ ಪಡೆದೆವು. ಆಸ್ತಿಯ ಮೇಲಿನ ಅಡಮಾನದ ನಮೂದು ದಾಖಲೆಯಿಂದ ತೆಗೆದುಹಾಕಲಾಗಿದೆ ಎಂಬುದನ್ನೂ ಕೆಲವು ವಾರಗಳ ಬಳಿಕ ಖಚಿತಪಡಿಸಿಕೊಂಡೆವು. ಮುಂದಿನ ತಿಂಗಳಿನಿಂದ ಉಳಿಯುವ ಕಂತಿನ ಹಣವನ್ನು ಏನು ಮಾಡಬೇಕೆಂದು ಮೂರು ತಿಂಗಳ ಮೊದಲೇ ಕುಳಿತು ತೀರ್ಮಾನಿಸಿದ್ದೆವು. ಆ ಮಾತನ್ನು ಮೊದಲು ಎತ್ತಿದವರು ನನ್ನ ಪತಿ.

ಹಣಕಾಸು ಪುಟದಲ್ಲಿ ಇನ್ನು ಮುಂದೆ ಗೃಹಸಾಲದ ಕುರಿತು ಬರೆಸುವಾಗ ಮರುಪಾವತಿಯ ಮಾದರಿ ಕೋಷ್ಟಕವೊಂದನ್ನು ಗಂಡ ಹೆಂಡಿರು ಜೊತೆಯಾಗಿ ಕುಳಿತು ಓದಬಹುದಾದಷ್ಟು ದೊಡ್ಡ ಅಕ್ಷರಗಳಲ್ಲಿ ಅಚ್ಚು ಮಾಡಬೇಕೆಂದು ಕೋರುತ್ತೇನೆ.

ಇತಿ,
ತಮ್ಮ ವಿಶ್ವಾಸಿ,
ಒಬ್ಬ ಓದುಗಳು